ವಿಳಾಸ ಮಾರಿದವರೇ ಹೆಸರನ್ನೂ ಕೊಡಲಿ

ಮನೆಯಲ್ಲಿ ಮೇಲ್ ಸರ್ವರ್ ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: ರಿವರ್ಸ್ ಡಿಎನ್‌ಎಸ್ ತಾಳೆಯಾಗದಿದ್ದರೆ ನಮ್ಮ ಮೇಲ್ ತಲುಪುವುದಿಲ್ಲವೇ? ಹೀಗೆ ಕೇಳುವವರು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕು ಸೇರಿಸಿದರೂ ಒಂದು ರಿಕ್ಷಾದಲ್ಲಿ ಹಿಡಿಸಿಯಾರು. ಆದರೂ ಇದು ಪತ್ರಿಕೆಯಲ್ಲಿ ಚರ್ಚೆಯಾಗಬೇಕಾದ ವಿಷಯ ಎನ್ನುವುದು ನನ್ನ ವಾದ. ಹಳ್ಳಿಯ ಒಂದು ಸಹಕಾರಿ ಸಂಘ, ಒಂದು ಶಾಲೆ, ಒಂದು ಸಣ್ಣ ಮುದ್ರಣಾಲಯ ತನ್ನ ಪತ್ರವನ್ನು ತನ್ನ ಯಂತ್ರದಿಂದಲೇ ಕಳಿಸಬಹುದೋ, ಇಲ್ಲ ಎಲ್ಲರೂ ಎರಡು ಮೂರು ದೊಡ್ಡ ಕಂಪನಿಗಳ ಮೂಲಕವೇ ಮಾತಾಡಬೇಕೋ ಎನ್ನುವುದು ಬಹುಮಟ್ಟಿಗೆ ಈ ಒಂದು ಸಾಲಿನ ದಾಖಲೆಯ ಮೇಲೆ ನಿಂತಿದೆ. ಆ ದಾಖಲೆಯನ್ನು ಬರೆಯುವ ಅಧಿಕಾರ ಇರುವುದು ಮೇಲ್ ಕಳಿಸುವವನ ಕೈಯಲ್ಲಲ್ಲ, ಅವನಿಗೆ ಇಂಟರ್‌ನೆಟ್ ಮಾರಿದವರ ಕೈಯಲ್ಲಿ. ನನ್ನ ತಕರಾರು ಇರುವುದು ಅಲ್ಲೇ.

ನನ್ನ ಮನೆ ಬೆಳಕೆಯಲ್ಲಿ. ಕೊಲ್ಲಿಯಲ್ಲಿ ಒಂದು ಸರಕು ಸಾಗಣೆ ಕಂಪನಿಯ ಮೇಲ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಊರಿಗೆ ಮರಳಿದ ಮೇಲೂ ಚಟ ಬಿಡಲಿಲ್ಲ. ಅಟ್ಟದ ಮೇಲೆ ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಅದರಲ್ಲಿ ಲಿನಕ್ಸ್, ಪೋಸ್ಟ್‌ಫಿಕ್ಸ್, ಡವ್‌ಕಾಟ್. ಪರದೆ ಸತ್ತರೇನು, ಬ್ಯಾಟರಿ ಇದೆ. ಯುಪಿಎಸ್ ಖರ್ಚು ಉಳಿಯಿತು. ಉಪ್ಪುಗಾಳಿಗೆ ಕನೆಕ್ಟರುಗಳು ಹಸಿರು ಹಿಡಿಯುತ್ತವೆ, ಆಗಾಗ ತಿಕ್ಕಬೇಕು. ರೌಟರಿನ ಬಿಸಿಗೆ ಹಲ್ಲಿ ಬಂದು ಮಲಗುತ್ತದೆ. ನಮ್ಮ ಮನೆಯವರ ವಿಳಾಸಗಳಲ್ಲದೆ ಹೊನ್ನಾವರದ ಕಡೆಯ ಒಂದು ಹವ್ಯಾಸಿ ಯಕ್ಷಗಾನ ಮಂಡಳಿಯ, ಕುಮಟಾದ ಸ್ನೇಹಿತರೊಬ್ಬರ ಮುದ್ರಣಾಲಯದ ಮೇಲ್ ಕೂಡ ಇದರಲ್ಲೇ.

ಮೇಲ್ ಬರುವುದರಲ್ಲಿ ತೊಂದರೆ ಇಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಹೆಸ್ಕಾಂ ಲೈನು ಕಡಿದರೆ ಇಡೀ ದಿನ ಕರೆಂಟಿಲ್ಲ. ಗುಡುಗು ಶುರುವಾದರೆ ಅಮ್ಮ ಕೆಳಗಿನಿಂದಲೇ ಕೂಗುತ್ತಾಳೆ, ‘ಆ ವಯರೆಲ್ಲ ಕಿತ್ತಿಡು ಮಾರಾಯ.’ ಕಿತ್ತಿಡುತ್ತೇನೆ. ಆಗ ನನಗೆ ಬರಬೇಕಾದ ಮೇಲ್ ಕಳೆದುಹೋಗುವುದಿಲ್ಲ. ಕಳಿಸುವ ಸರ್ವರ್ ಅದನ್ನು ತನ್ನ ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೈಬಿಡುವ ಮೊದಲು ನಾಲ್ಕೈದು ದಿನವಾದರೂ ಕಾಯಬೇಕು ಎಂದು ಮೇಲ್ ವಿನಿಮಯದ ನಿಯಮವೇ ಹೇಳುತ್ತದೆ. ಜಾನ್ ಪೊಸ್ಟೆಲ್ 1982ರಲ್ಲಿ ಎಸ್‌ಎಂಟಿಪಿ ನಿಯಮಾವಳಿಯನ್ನು ಬರೆದಾಗ ಜಾಲ ಎಂದರೆ ಆಗಾಗ ಕಡಿಯುವ ವಸ್ತು ಎಂಬ ತಿಳಿವಳಿಕೆಯೇ ಅದರ ಬುಡದಲ್ಲಿತ್ತು. ಕರಾವಳಿಯ ಜೂನ್ ತಿಂಗಳಿಗೆ ಹೇಳಿ ಬರೆಸಿದ ಹಾಗಿದೆ.

ಕಷ್ಟವೆಲ್ಲ ಕಳಿಸುವುದರಲ್ಲಿ. ಯಕ್ಷಗಾನ ಮಂಡಳಿಯ ವಾರ್ಷಿಕ ಆಟದ ಆಮಂತ್ರಣ ಹೋಗಿತ್ತು. ಬೆಂಗಳೂರು, ಮುಂಬೈಗಳಲ್ಲಿರುವ ಊರಿನವರಿಗೆ, ದೇಣಿಗೆ ಕೊಡುವವರಿಗೆ, ಹಳೆಯ ವೇಷಧಾರಿಗಳಿಗೆ. ಹೆಚ್ಚಿನವು ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದವು, ಕೆಲವು ವಾಪಸ್ ಬಂದವು. ನಮ್ಮ ಕಡೆ ಕರೆಯ ವಿಷಯ ಎಷ್ಟು ಸೂಕ್ಷ್ಮ ಎನ್ನುವುದು ಗೊತ್ತಿದ್ದವರಿಗೆ ಗೊತ್ತು. ಮದುವೆಗೆ ಹೋಗದಿದ್ದರೂ ನಡೆದೀತು, ಕರೆಯದಿದ್ದರೆ ಮೂರು ತಲೆಮಾರು ಮಾತು ಬರುತ್ತದೆ. ಮಂಡಳಿಯ ಕಾರ್ಯದರ್ಶಿಗೆ ಮುಂಬೈಯಿಂದ ಫೋನು: ‘ದುಡ್ಡು ಕೇಳೂದಕ್ಕೆ ನಾವು ಬೇಕು, ಆಟಕ್ಕೆ ಕರೆಯೂದಕ್ಕೆ ಬೇಡ ಅಲ್ವಾ?’ ಕಾರ್ಯದರ್ಶಿ ನನಗೆ ಫೋನು ಮಾಡಿದರು. ರಿವರ್ಸ್ ಡಿಎನ್‌ಎಸ್ ಎಂದರೆ ಏನೆಂದು ಮುಂಬೈಯ ಆ ಹಿರಿಯರಿಗೆ ಅವರು ಹೇಗೆ ತಾನೇ ವಿವರಿಸುತ್ತಾರೆ?

ನಾನು ಇಲ್ಲಿ ವಿವರಿಸಲು ನೋಡುತ್ತೇನೆ. ಅಪರಿಚಿತರೊಬ್ಬರು ಅಂಗಳಕ್ಕೆ ಬಂದರೆ ನಮ್ಮ ಹಿರಿಯರು ಹೆಸರು ಕೇಳುವುದಕ್ಕೂ ಮೊದಲು ‘ಯಾರ ಮನೆಯವರು?’ ಎಂದು ಕೇಳುತ್ತಾರೆ. ಬಂದವರು ಹೇಳಿದ ಮೇಲೆ ಆ ಮನೆಯವರನ್ನೂ ಒಂದು ಮಾತು ಕೇಳುತ್ತಾರೆ: ‘ಇಂಥವರು ನಿಮ್ಮವರೇ ಹೌದಾ?’ ಎರಡೂ ಕಡೆಯ ಉತ್ತರ ಕೂಡಿದರೆ ಜಗಲಿಯ ಮೇಲೆ ಚಾಪೆ ಬೀಳುತ್ತದೆ. ಮೇಲ್ ಸ್ವೀಕರಿಸುವ ಸರ್ವರ್ ಮಾಡುವುದೂ ಇಷ್ಟೇ. ಇಂಟರ್‌ನೆಟ್‌ನಲ್ಲಿ ಎದುರಿಗೆ ಬಂದು ನಿಲ್ಲುವುದು ಒಂದು ಸಂಖ್ಯೆ ಮಾತ್ರ. ಉದಾಹರಣೆಗೆಂದೇ ಮೀಸಲಿಟ್ಟ ಸಂಖ್ಯೆಗಳಿವೆ, ಅವುಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ: 203.0.113.25. ಈ ಸಂಖ್ಯೆಯ ಹೆಸರೇನು ಎಂದು ಸರ್ವರ್ ಡಿಎನ್‌ಎಸ್ ಅನ್ನು ಕೇಳುತ್ತದೆ. ಕೇಳುವಾಗ ಸಂಖ್ಯೆಯನ್ನು ಹಿಂದುಮುಂದು ಮಾಡಿ, 25.113.0.203 ಎಂದು ತಿರುಗಿಸಿ, ಬಾಲಕ್ಕೆ ‘ಇನ್-ಎಡಿಡಿಆರ್ ಡಾಟ್ ಆರ್ಪ’ ಎಂದು ಅಂಟಿಸುತ್ತದೆ. ಅಲ್ಲಿ ಸಿಗುವ ದಾಖಲೆಗೆ ಪಿಟಿಆರ್ ಎಂದು ಹೆಸರು. ಅದರಲ್ಲಿ ಒಂದು ಹೆಸರು ಸಿಕ್ಕಿತೆನ್ನಿ, ಆ ಹೆಸರಿನ ಸಂಖ್ಯೆ ಯಾವುದು ಎಂದು ತಿರುಗಿ ಕೇಳುತ್ತದೆ. ಹೊರಟಲ್ಲಿಗೇ ಬಂದು ಮುಟ್ಟಿದರೆ ಸರಿ. ಮುಟ್ಟದಿದ್ದರೆ ಅನುಮಾನ.

ತಾಳೆಯಾಗುವುದಿಲ್ಲ ಎಂದು ಗಾಬರಿಯಾಗುವವರಲ್ಲಿ ಹೆಚ್ಚಿನವರು ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತಾರೆ. ನನ್ನ ಮೇಲ್ ವಿಳಾಸದ ಡೊಮೇನ್ ಒಂದು, ಪಿಟಿಆರ್‌ನಲ್ಲಿರುವ ಹೆಸರು ಇನ್ನೊಂದು, ಆದ್ದರಿಂದಲೇ ಸ್ಪ್ಯಾಮ್‌ಗೆ ಹೋಗುತ್ತಿದೆ ಎನ್ನುತ್ತಾರೆ. ಇಲ್ಲ. ಈ ಎರಡು ಒಂದೇ ಆಗಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಲಕ್ಷಗಟ್ಟಲೆ ಕಂಪನಿಗಳು ತಮ್ಮ ಸ್ವಂತ ಡೊಮೇನಿನ ಮೇಲ್ ಅನ್ನು ಗೂಗಲ್ ಸರ್ವರುಗಳಿಂದ ಕಳಿಸುತ್ತವೆ. ಆ ಸರ್ವರುಗಳ ಪಿಟಿಆರ್‌ನಲ್ಲಿ ಇರುವುದು ಗೂಗಲ್ ಹೆಸರೇ. ಒಂದು ಯಂತ್ರ ನೂರು ಡೊಮೇನುಗಳ ಕಾಗದ ಹೊತ್ತರೂ ಅದಕ್ಕೆ ಹೆಸರು ಒಂದೇ ಸಾಕು. ಡೊಮೇನಿಗೂ ಯಂತ್ರಕ್ಕೂ ಇರುವ ಸಂಬಂಧವನ್ನು ಹೇಳುವುದಕ್ಕೆ ಎಸ್‌ಪಿಎಫ್, ಡಿಕೆಐಎಂ ಎಂಬ ಬೇರೆ ದಾಖಲೆಗಳಿವೆ.

ಎರಡನೆಯ ಬಗೆಯ ತಾಳೆತಪ್ಪು: ಮಾತು ಶುರುಮಾಡುವಾಗ ಸರ್ವರ್ ತಾನು ಇಂಥವನು ಎಂದು ಹೇಳಿಕೊಳ್ಳುತ್ತದೆ, ಇದಕ್ಕೆ ಹೆಲೋ ಎನ್ನುತ್ತಾರೆ. ಆ ಹೆಸರು ಪಿಟಿಆರ್‌ನಲ್ಲಿರುವ ಹೆಸರಿಗಿಂತ ಬೇರೆಯಾಗಿದ್ದರೆ? ಚೆನ್ನಾಗಿ ಕಾಣುವುದಿಲ್ಲ, ಕೆಲವು ಸೋಸುಯಂತ್ರಗಳು ಒಂದೆರಡು ಅಂಕ ಕಡಿತ ಮಾಡುತ್ತವೆ. ಆದರೆ 2008ರ ಎಸ್‌ಎಂಟಿಪಿ ನಿಯಮಾವಳಿ ಇದರ ಬಗ್ಗೆ ಸ್ಪಷ್ಟ: ಹೆಲೋ ಹೆಸರನ್ನು ಪರೀಕ್ಷಿಸಬಹುದು, ಆದರೆ ಪರೀಕ್ಷೆಯಲ್ಲಿ ಸೋತಿತೆಂಬ ಒಂದೇ ಕಾರಣಕ್ಕೆ ಪತ್ರವನ್ನು ತಿರಸ್ಕರಿಸಕೂಡದು.

ಮೂರನೆಯದೇ ನಿಜವಾದ ಗಂಡಾಂತರ. ಪಿಟಿಆರ್ ಇಲ್ಲವೇ ಇಲ್ಲ. ಅಥವಾ ಇದ್ದರೂ ಅದರ ಹೆಸರು ತಿರುಗಿ ಅದೇ ಸಂಖ್ಯೆಗೆ ಬರುವುದಿಲ್ಲ. ಜಿಮೇಲ್ ಇಂಥ ಮೇಲ್‌ಗಳಿಗೆ 550 5.7.25 ಎಂಬ ಸಂಖ್ಯೆ ಕೊಟ್ಟು ಬಾಗಿಲಲ್ಲೇ ಹಿಂದೆ ಕಳಿಸುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್ ಇದನ್ನು ತನ್ನ ವೈಯಕ್ತಿಕ ಖಾತೆಗಳಿಗೆ ಮೇಲ್ ಕಳಿಸುವ ಎಲ್ಲರಿಗೂ ಅನ್ವಯಿಸುವ ಷರತ್ತುಗಳಲ್ಲಿ ಬರೆದೇ ಬಿಟ್ಟಿದೆ. ದಿನಕ್ಕೆ 5,000 ಮೇಲ್ ಕಳಿಸುವ ವ್ಯಾಪಾರಿಗೆ ಇನ್ನೂ ಹೆಚ್ಚಿನ ಷರತ್ತುಗಳಿವೆ, ಆದರೆ ಪಿಟಿಆರ್ ಷರತ್ತು ದಿನಕ್ಕೆ ಒಂದೇ ಕಾಗದ ಬರೆಯುವವನಿಗೂ ಉಂಟು. ಹಾಗಾಗಿ ಪ್ರಶ್ನೆಗೆ ಉತ್ತರ: ಹೌದು, ತಲುಪುವುದಿಲ್ಲ, ಆದರೆ ನೀವು ನೋಡುತ್ತಿರುವ ತಾಳೆತಪ್ಪು ಈ ಮೂರನೆಯ ಜಾತಿಯದಾಗಿದ್ದರೆ ಮಾತ್ರ.

ಇಷ್ಟು ಅನುಮಾನ ಏಕೆ ಎಂದರೆ ಅದಕ್ಕೆ ಕಾರಣರು ಬೇರೆ ಯಾರೂ ಅಲ್ಲ, ನಾವೇ. ಎಂದರೆ ಮನೆಯ ಕಂಪ್ಯೂಟರುಗಳು. ಈ ಶತಮಾನದ ಮೊದಲ ದಶಕದಲ್ಲಿ ಸ್ಪ್ಯಾಮ್ ಕಳಿಸುತ್ತಿದ್ದದ್ದು ಹೆಚ್ಚಾಗಿ ವೈರಸ್ ಹೊಕ್ಕ ಸಾಮಾನ್ಯ ಮನೆಗಳ, ಕಚೇರಿಗಳ ವಿಂಡೋಸ್ ಯಂತ್ರಗಳು. ಒಡೆಯನಿಗೆ ಗೊತ್ತೇ ಇಲ್ಲದೆ ರಾತ್ರಿಯಿಡೀ ಔಷಧಿ ಜಾಹೀರಾತು ಹೊರಗೆ ಹೋಗುತ್ತಿತ್ತು. 2008ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೆಕೊಲೋ ಎಂಬ ಒಂದು ಹೋಸ್ಟಿಂಗ್ ಕಂಪನಿಯ ತಂತಿ ಕತ್ತರಿಸಿದಾಗ ಜಗತ್ತಿನ ಸ್ಪ್ಯಾಮ್ ರಾತ್ರೋರಾತ್ರಿ ದೊಡ್ಡ ಪ್ರಮಾಣದಲ್ಲಿ ಇಳಿದಿತ್ತು. ಅಂಥ ಯಂತ್ರಗಳ ಹಿಂಡಿಗೆ ಆಜ್ಞೆ ಹೊರಡುತ್ತಿದ್ದದ್ದು ಅಲ್ಲಿಂದ. 2012ರಲ್ಲಿ ಸೋಫೋಸ್ ಎಂಬ ಭದ್ರತಾ ಕಂಪನಿಯ ಸ್ಪ್ಯಾಮ್ ಪಟ್ಟಿಯಲ್ಲಿ ಭಾರತ ಅಮೆರಿಕವನ್ನೂ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಏರಿತು. ಆ ಕಾಲದ ಭಟ್ಕಳದ ಸೈಬರ್ ಕೆಫೆಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ದುಬೈಯಲ್ಲಿದ್ದ ಗಂಡನ ಜತೆ ಮಾತಾಡಲು ಬಂದವರ ಸಾಲು ಬಾಗಿಲಾಚೆ, ಒಳಗೆ ಒಂದೇ ನಕಲಿ ಸಿ.ಡಿ.ಯಿಂದ ಹಾಕಿದ ವಿಂಡೋಸ್ ಎಕ್ಸ್‌ಪಿ ಎಲ್ಲ ಯಂತ್ರಗಳಿಗೂ.

ಆದ್ದರಿಂದ ಸ್ವೀಕರಿಸುವ ಕಡೆಯವರು ಒಂದು ಸುಲಭದ ಜರಡಿ ಹಿಡಿದರು: ಹೆಸರಿಲ್ಲದ ಸಂಖ್ಯೆಯಿಂದ ಬರುವ ಮೇಲ್ ಮನೆಯ ಕಂಪ್ಯೂಟರಿನದೇ ಇರಬೇಕು, ಬಿಡಬೇಡ. ಹೆಸರಿದ್ದರೂ ಅದರಲ್ಲಿ ಡೈನಾಮಿಕ್ ಎಂದೋ, ಸಂಖ್ಯೆಯನ್ನೇ ಅಡ್ಡಗೆರೆ ಹಾಕಿ ಬರೆದೋ ಇದ್ದರೆ ಅದೂ ಮನೆಯದೇ. ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಪಿಬಿಎಲ್ ಎಂಬ ಪಟ್ಟಿಯನ್ನೇ ನಡೆಸುತ್ತದೆ. ಅದರಲ್ಲಿರುವುದು ತಪ್ಪು ಮಾಡಿದ ವಿಳಾಸಗಳಲ್ಲ, ನೇರ ಮೇಲ್ ಕಳಿಸಬಾರದೆಂದು ಗುರುತಿಸಿದ ಮನೆ ಬಳಕೆಯ ವಿಳಾಸಗಳ ಗುಂಪುಗಳು. ಹಲವನ್ನು ಇಂಟರ್‌ನೆಟ್ ಕಂಪನಿಗಳೇ ಸೇರಿಸಿಕೊಟ್ಟಿವೆ.

ಈ ಜರಡಿ ಕಳ್ಳರನ್ನು ಹಿಡಿಯುತ್ತದೆಯೇ? ಇಂದು ಹೆಚ್ಚೇನೂ ಇಲ್ಲ. ವಂಚಕನೊಬ್ಬ ವಿದೇಶದ ಯಾವುದೋ ಡೇಟಾ ಸೆಂಟರಿನಲ್ಲಿ ತಿಂಗಳಿಗೆ ಕೆಲವು ಡಾಲರಿಗೆ ಯಂತ್ರ ಬಾಡಿಗೆಗೆ ತೆಗೆದುಕೊಂಡರೆ, ಅದರ ನಿಯಂತ್ರಣ ಫಲಕದಲ್ಲಿ ರಿವರ್ಸ್ ಡಿಎನ್‌ಎಸ್ ಎಂಬ ಒಂದು ಚೌಕ ಇರುತ್ತದೆ. ಹೆಸರು ಟೈಪು ಮಾಡಿ ಸೇವ್ ಒತ್ತಿದರೆ ಮುಗಿಯಿತು. ಅವನ ಪಿಟಿಆರ್ ನನ್ನದಕ್ಕಿಂತ ಚೊಕ್ಕ. ನಾಲ್ಕು ದಿನ ವಂಚನೆ ಮಾಡಿ, ಯಂತ್ರ ಬಿಟ್ಟು, ಇನ್ನೊಂದು ಹಿಡಿಯುತ್ತಾನೆ. ಸಿಕ್ಕಿಬೀಳುವವನು ಊರಿನ ಫೈಬರ್ ತಂತಿಯ ತುದಿಯಲ್ಲಿ ಕೂತವನು. ಆದರೂ ನಿಯಮವನ್ನೇ ಕಿತ್ತುಹಾಕಿ ಎನ್ನುವವನು ನಾನಲ್ಲ. ಬೇರೇನೂ ಇಲ್ಲದಿದ್ದರೂ ಈ ಸಂಖ್ಯೆಯ ಹಿಂದೆ ಒಬ್ಬ ಜವಾಬ್ದಾರ ಇದ್ದಾನೆ ಎಂದು ಅದು ಹೇಳುತ್ತದೆ. ನನ್ನ ಪೋಸ್ಟ್‌ಫಿಕ್ಸ್‌ನಲ್ಲೂ ಅಂಥ ಷರತ್ತು ಇದೆ. ಪೋಸ್ಟ್‌ಫಿಕ್ಸ್ ಬರೆದ ವೀತ್ಸೆ ವೆನೆಮಾ ಇದರಲ್ಲಿ ಎರಡು ದರ್ಜೆ ಇಟ್ಟಿದ್ದಾರೆ: ಪಿಟಿಆರ್ ಇಲ್ಲದವರನ್ನು ಮಾತ್ರ ತಡೆಯುವುದು ಒಂದು, ಎರಡೂ ದಿಕ್ಕಿನ ತಾಳೆ ಕೇಳುವುದು ಇನ್ನೊಂದು. ನಾನು ಸೌಮ್ಯದ್ದನ್ನು ಹಾಕಿಕೊಂಡಿದ್ದೇನೆ. ಬಿಗಿಯದನ್ನು ಹಾಕಿ ನೋಡಿದಾಗ ಮೊದಲು ಹೊರಗುಳಿದದ್ದು ಸ್ಪ್ಯಾಮರ್ ಅಲ್ಲ, ನಮ್ಮದೇ ಜಿಲ್ಲೆಯ ಒಂದು ಸಣ್ಣ ಕಚೇರಿ.

ಇನ್ನು ತಕರಾರಿಗೆ ಬರುತ್ತೇನೆ. ಡೊಮೇನ್ ನನ್ನದು, ಅದರ ಡಿಎನ್‌ಎಸ್ ನನ್ನ ಕೈಯಲ್ಲಿದೆ, ಅದರಲ್ಲಿ ಏನು ಬೇಕಾದರೂ ಬರೆಯಬಲ್ಲೆ. ಪಿಟಿಆರ್ ಹಾಗಲ್ಲ. ಸಂಖ್ಯೆಯಿಂದ ಹೆಸರಿಗೆ ಹೋಗುವ ಮರವೇ ಬೇರೆ, ಅದರ ಕೊಂಬೆಗಳು ಸಂಖ್ಯೆಯನ್ನು ಹಂಚಿದವರ ವಶದಲ್ಲಿರುತ್ತವೆ. ಏಷ್ಯಾ-ಪೆಸಿಫಿಕ್ ಪ್ರದೇಶದ ಸಂಖ್ಯೆಗಳನ್ನು ಹಂಚುವುದು ಬ್ರಿಸ್ಬೇನ್‌ನ ಏಪ್ನಿಕ್. ಭಾರತದ ಮಟ್ಟಿಗೆ ಆ ಕೆಲಸ ನೋಡಿಕೊಳ್ಳಲು ನಿಕ್ಸಿ ಸಂಸ್ಥೆಯ ಅಡಿಯಲ್ಲಿ ಐರಿನ್ ಎಂಬ ನೋಂದಣಿ ಕೇಂದ್ರ ಇದೆ. ಅಲ್ಲಿಂದ ಇಂಟರ್‌ನೆಟ್ ಕಂಪನಿಗೆ. ಅಲ್ಲಿಗೆ ನಿಂತಿತು. ನನ್ನ ಅಟ್ಟದ ಮೇಲಿನ ಲ್ಯಾಪ್‌ಟಾಪಿಗೆ ನಾಮಕರಣ ಮಾಡುವ ಹಕ್ಕು, ನಾನು ಮುಖ ನೋಡದ ಯಾವುದೋ ಊರಿನ ನೆಟ್‌ವರ್ಕ್ ಕೇಂದ್ರದಲ್ಲಿದೆ.

ಹೆಚ್ಚಿನ ದುಡ್ಡು ಕಟ್ಟಿ ಸ್ಟ್ಯಾಟಿಕ್ ಐಪಿ, ಎಂದರೆ ಬದಲಾಗದ ಸಂಖ್ಯೆ, ತೆಗೆದುಕೊಂಡೆ. ಕಂಪನಿಯ ಹೆಸರು ಬೇಡ. ನನಗೆ ಇವರಿಗಿಂತ ಒಳ್ಳೆಯವರೂ ಕಂಡಿಲ್ಲ, ಕೆಟ್ಟವರೂ ಕಂಡಿಲ್ಲ. ಆ ಸಂಖ್ಯೆಗೆ ಅವರು ಮೊದಲೇ ಒಂದು ಪಿಟಿಆರ್ ಕೊಟ್ಟಿದ್ದರು, ಸ್ಟ್ಯಾಟಿಕ್ ಎಂಬ ಪದ ಮತ್ತು ಸಂಖ್ಯೆಯನ್ನು ಸೇರಿಸಿ ಹೊಲಿದ ಉದ್ದ ಹೆಸರು. ಆ ಹೆಸರನ್ನು ತಿರುಗಿ ಕೇಳಿದರೆ ಉತ್ತರವೇ ಇಲ್ಲ. ಅಂದರೆ ಹುಟ್ಟುವಾಗಲೇ ತಾಳೆ ತಪ್ಪಿದ್ದು. ಗ್ರಾಹಕ ಸೇವೆಗೆ ಫೋನು ಮಾಡಿದೆ.

‘ಪಿಟಿಆರಾ? ಅದು ನಿಮ್ಮ ಪ್ಲಾನಲ್ಲಿ ಬರೂದಿಲ್ಲ ಸರ್.’

‘ಅದು ಪ್ಲಾನ್ ಅಲ್ಲಮ್ಮ, ಐಪಿಗೆ ಹೆಸರು.’

‘ಹೆಸರು ಚೇಂಜ್ ಮಾಡ್ಬೇಕಾದ್ರೆ ಆಧಾರ್ ಕೊಡ್ಬೇಕು ಸರ್.’

‘ನನ್ನ ಹೆಸರಲ್ಲ.’

‘ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಸರ್.’

ಆ ಹುಡುಗಿಯನ್ನು ದೂರಿ ಏನು ಫಲ? ಅವಳ ಮುಂದಿನ ಪರದೆಯಲ್ಲಿ ಆ ದೂರಿಗೆ ಜಾಗವೇ ಇಲ್ಲ. ಊರಿನ ಫೈಬರ್ ಹುಡುಗನನ್ನು ಕೇಳಿದರೆ ಅವನು ಪ್ರಾಮಾಣಿಕವಾಗಿ ಹೇಳಿದ: ‘ಅಣ್ಣ, ತಂತಿ ಜೋಡಿಸೂದು ಕೇಳಿ, ಕಂಬ ಹತ್ತೂದು ಕೇಳಿ. ಇದು ನಂಗೆ ಗೊತ್ತಿಲ್ಲ.’ ಮಳೆಯಲ್ಲಿ ಕಂಬ ಹತ್ತುವವನ ಮೇಲೆ ಇದನ್ನೂ ಹೊರಿಸುವುದು ನ್ಯಾಯವಲ್ಲ.

ಮೇಲ್ ಮೇಲೆ ಮೇಲ್ ಬರೆದು, ಕೊನೆಗೆ ಯಾರೋ ಒಬ್ಬ ಇಂಜಿನಿಯರಿನ ಕಣ್ಣಿಗೆ ಬಿದ್ದು, ದಾಖಲೆ ಬದಲಾಯಿತು. ಬದಲಾದದ್ದು ಹೇಗೆಂದರೆ, ಇಂಗ್ಲಿಷಿನ ಎಂ-ಎ-ಐ-ಎಲ್ ಎಂದು ಶುರುವಾಗಬೇಕಾದ ಹೆಸರಿನಲ್ಲಿ ನಡುವಿನ ಎರಡು ಅಕ್ಷರ ಅದಲುಬದಲಾಗಿ ‘ಮಿಯಾಲ್’ ಎಂದಾಗಿತ್ತು. ಮತ್ತೆ ತಾಳೆಯಿಲ್ಲ! ತಿದ್ದಿಸಲು ಇನ್ನೊಂದು ಸುತ್ತು ದೂರು ಕೊಡುವ ತಾಳ್ಮೆ ನನಗಿರಲಿಲ್ಲ. ಆದರೆ ಮಿಯಾಲ್‌ನ ಆಚೆಗಿದ್ದ ಡೊಮೇನ್ ನನ್ನದೇ ಅಲ್ಲವೇ? ಅದರಲ್ಲಿ ಮಿಯಾಲ್ ಎಂಬ ಹೆಸರನ್ನೇ ಸೃಷ್ಟಿಸಿ ನನ್ನ ಸಂಖ್ಯೆಗೆ ಕಟ್ಟಿದೆ. ಸರ್ವರಿನ ಹೆಲೋ ಹೆಸರನ್ನೂ ಮಿಯಾಲ್ ಮಾಡಿದೆ. ಎರಡೂ ದಿಕ್ಕಿನಿಂದ ಕೇಳಿದರೂ ಒಂದೇ ಉತ್ತರ. ಅಂದಿನಿಂದ ದೊಡ್ಡ ದೊಡ್ಡ ಸರ್ವರುಗಳು ಮಿಯಾಲ್ ಅನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಿವೆ. ಹೆಸರು ಚಂದವಿರಬೇಕೆಂದೇನೂ ಇಲ್ಲ, ಎರಡು ಕಡೆಯೂ ಒಂದೇ ಇರಬೇಕು, ಅಷ್ಟೇ. ಮನೆಯ ಮಕ್ಕಳು ಆ ಲ್ಯಾಪ್‌ಟಾಪನ್ನು ಈಗ ಮಿಯಾಲಣ್ಣ ಎಂದೇ ಕರೆಯುತ್ತಾರೆ.

ನಗುವ ವಿಷಯ ಹೌದು, ಆದರೆ ಇಷ್ಟು ಓಡಾಟ ಎಲ್ಲರಿಂದಲೂ ಸಾಧ್ಯವೇ? ಕುಮಟಾದ ಮುದ್ರಣಾಲಯದವರು ತಾವೇ ಸರ್ವರ್ ಇಟ್ಟುಕೊಂಡಿದ್ದರೆ ಮೊದಲ ಫೋನಿಗೇ ಕೈಬಿಡುತ್ತಿದ್ದರು. ತಾಂತ್ರಿಕವಾಗಿ ಇದರಲ್ಲಿ ಕಷ್ಟವೇನೂ ಇಲ್ಲ. ಒಂದೆರಡು ಸಂಖ್ಯೆಗಳಷ್ಟೇ ಇರುವ ಗ್ರಾಹಕನಿಗೂ ಅವುಗಳ ರಿವರ್ಸ್ ಅಧಿಕಾರವನ್ನು ಬಿಟ್ಟುಕೊಡುವ ವಿಧಾನ 1998ರಲ್ಲೇ ನಿಯಮಾವಳಿಯಾಗಿ ಪ್ರಕಟವಾಗಿದೆ. ಬ್ರಿಟನ್ನಿನ ಆಂಡ್ರ್ಯೂಸ್ ಆಂಡ್ ಆರ್ನಾಲ್ಡ್ ಎಂಬ ಸಣ್ಣ ಇಂಟರ್‌ನೆಟ್ ಕಂಪನಿ ತನ್ನ ಮನೆ ಗ್ರಾಹಕರಿಗೂ ರಿವರ್ಸ್ ಹೆಸರನ್ನು ತಾವೇ ಬರೆದುಕೊಳ್ಳಲು ಬಿಡುತ್ತದೆ. ನಮ್ಮ ಕಂಪನಿಗಳ ಗ್ರಾಹಕ ಆ್ಯಪ್‌ಗಳಲ್ಲಿ ಸಿನಿಮಾ ಪ್ಯಾಕ್ ಕೊಳ್ಳಲು ಗುಂಡಿ ಇದೆ, ವೈಫೈ ಪಾಸ್‌ವರ್ಡ್ ಬದಲಿಸಲು ಗುಂಡಿ ಇದೆ. ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟಿದವನಿಗೆ ಇನ್ನೊಂದು ಚೌಕ ಇಟ್ಟರೆ ಆಕಾಶ ಬೀಳುವುದಿಲ್ಲ.

ಕಂಪನಿಗಳು ಇದನ್ನು ತಾವಾಗಿ ಮಾಡುವುದಿಲ್ಲ; ಕಾರಣ, ಕೇಳುವವರು ಕಡಿಮೆ. ಇಂಥಲ್ಲೇ ನಿಯಂತ್ರಣ ಪ್ರಾಧಿಕಾರ ಬೇಕಾಗುವುದು. ಮೊಬೈಲ್ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯವನ್ನು ಯಾವ ಕಂಪನಿಯೂ ಪ್ರೀತಿಯಿಂದ ಕೊಟ್ಟದ್ದಲ್ಲ. 2011ರ ಜನವರಿಯಲ್ಲಿ ಅದು ದೇಶವಿಡೀ ಜಾರಿಗೆ ಬಂದದ್ದು ನಿಯಮದ ಬಲದಿಂದ. ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮಗಳನ್ನು ತಂದಿತು. ವಿಳಂಬ, ಪ್ಯಾಕೆಟ್ ನಷ್ಟ, ದೂರು ಬಗೆಹರಿಸುವ ಗಡುವು ಎಲ್ಲ ಅದರಲ್ಲಿವೆ. ಅದಕ್ಕೆ ಇನ್ನೊಂದು ಸಾಲು ಸೇರಲಿ: ಸ್ಟ್ಯಾಟಿಕ್ ಐಪಿ ಮಾರುವವರು ಗ್ರಾಹಕ ಕೇಳಿದ ಪಿಟಿಆರ್ ಅನ್ನು ಇಷ್ಟು ದಿನದೊಳಗೆ, ಹೆಚ್ಚಿನ ಶುಲ್ಕವಿಲ್ಲದೆ ಬರೆದುಕೊಡಬೇಕು. ಹೆಸರಿನ ಡೊಮೇನ್ ಅವನದ್ದೇ ಎಂದು ಪರೀಕ್ಷಿಸಿಕೊಳ್ಳಲಿ, ಅದು ನ್ಯಾಯ. ದುರುಪಯೋಗವಾದರೆ ಕಿತ್ತುಹಾಕಲಿ, ಅದೂ ನ್ಯಾಯ.

‘ಇಷ್ಟೆಲ್ಲ ರಗಳೆ ಏಕೆ, ಒಂದು ಜಿಮೇಲ್ ಖಾತೆ ಸಾಕಲ್ಲ’ ಎನ್ನುವವರೇ ಹೆಚ್ಚು. ‘ದೇಶದ್ದೇ ಬೇಕೆಂದರೆ ಜೋಹೊ ಇದೆ’ ಎನ್ನುವವರೂ ಈಚೆಗೆ ಸಿಗುತ್ತಾರೆ. ಕೇಂದ್ರ ಸರಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಖಾತೆಗಳು ಜೋಹೊ ವೇದಿಕೆಗೆ ಹೋದ ಸುದ್ದಿ 2025ರ ಅಕ್ಟೋಬರಿನಲ್ಲಿ ಬಂದಿತ್ತಲ್ಲ. ತೆಂಕಾಶಿಯ ಬಳಿಯ ಹಳ್ಳಿಯಲ್ಲಿ ಕಚೇರಿ ಇಟ್ಟು ಅಂಥ ಕೆಲಸ ಮಾಡುವ ಕಂಪನಿಯ ಬಗ್ಗೆ ನನಗೆ ಗೌರವವಿದೆ. ಬಹುತೇಕ ಜನರಿಗೆ ಅವರೇ ಸರಿ, ನನ್ನ ತಂಗಿಗೂ ನಾನು ಅದನ್ನೇ ಹೇಳಿದ್ದೇನೆ. ಮನೆ ಸರ್ವರ್ ಎಂದರೆ ಎಲ್ಲರಿಗೂ ನೆನಪಾಗುವುದು ಹಿಲರಿ ಕ್ಲಿಂಟನ್. ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ ಸರಕಾರಿ ಕೆಲಸದ ಮೇಲ್ ಅನ್ನು ನ್ಯೂಯಾರ್ಕ್ ರಾಜ್ಯದ ಚಾಪಾಕ್ವಾದ ತಮ್ಮ ಮನೆಯ ಸರ್ವರ್ ಮೂಲಕ ನಡೆಸಿದ್ದು 2015ರಲ್ಲಿ ಬಯಲಾಗಿ ಅವರಿಗೆ ಸಾಕುಬೇಕಾಗಿ ಹೋಯಿತು. ಸರಕಾರದ ಕಾಗದ ಮನೆಯಲ್ಲಿರಬಾರದು, ಒಪ್ಪಿದೆ. ಮನೆಯ ಕಾಗದ ಮನೆಯಲ್ಲಿದ್ದರೆ ಯಾರಿಗೇನು ಕಷ್ಟ?

ಆಯ್ಕೆ ಇರುವುದು ಬೇರೆ, ಆಯ್ಕೆಯೇ ಇಲ್ಲದಿರುವುದು ಬೇರೆ. ಸ್ಪೇನಿನ ಕಾರ್ಲೋಸ್ ಫೆನೊಯೋಸಾ ಎಂಬ ಇಂಜಿನಿಯರು 23 ವರ್ಷ ತನ್ನ ಮೇಲ್ ಅನ್ನು ತಾನೇ ನಡೆಸಿ 2022ರಲ್ಲಿ ಕೈಚೆಲ್ಲಿದರು. ಅವರ ದಾಖಲೆಗಳಲ್ಲಿ ಕೊರತೆಯಿರಲಿಲ್ಲ. ಎಲ್ಲ ಸರಿಯಿದ್ದರೂ ಸಣ್ಣ ಸರ್ವರುಗಳ ಮೇಲ್ ಅನ್ನು ದೊಡ್ಡವರು ಮುಟ್ಟಿಸುವುದಿಲ್ಲ ಎನ್ನುವುದು ಅವರ ದೂರು. ನನ್ನ ಅನುಭವ ಅಷ್ಟು ಕಹಿಯಲ್ಲ. ಪಿಟಿಆರ್ ಸರಿಯಾದರೆ ಬಾಗಿಲು ತೆರೆಯುತ್ತದೆ, ನಂಬಿಕೆ ನಿಧಾನಕ್ಕೆ ಬರುತ್ತದೆ. ಹೊಸ ಸಂಖ್ಯೆಯಿಂದ ಹೋದ ಮೊದಲ ಪತ್ರಗಳು ಸ್ಪ್ಯಾಮ್‌ಗೆ ಬೀಳುವುದು ಸಹಜ, ಪಡೆದವರು ಅದನ್ನು ಎತ್ತಿ ಈಚೆ ಇಟ್ಟು ಉತ್ತರ ಬರೆದರೆ ಗುಣವಾಗುತ್ತದೆ. ಮಂಡಳಿಯ ಮುಂದಿನ ಆಮಂತ್ರಣಕ್ಕೆ ಮುಂಬೈಯ ಹಿರಿಯರು ಸ್ವತಃ ಉತ್ತರ ಬರೆದರು. ಬೈಗುಳವೇ ಆದರೂ ಇನ್‌ಬಾಕ್ಸಿಗೇ ಬಂದಿತ್ತು.

ಸ್ಟ್ಯಾಟಿಕ್ ಐಪಿ ಇಲ್ಲದವರ ಮಾತು ಬೇರೆ. ಏಷ್ಯಾ-ಪೆಸಿಫಿಕ್ ಪ್ರದೇಶದ ಐಪಿವಿ4 ಸಂಖ್ಯೆಗಳ ಮುಕ್ತ ಸಂಗ್ರಹ 2011ರ ಏಪ್ರಿಲಿನಲ್ಲೇ ತಳ ಕಂಡಿತು. ಅದಕ್ಕೇ ಈಗ ಅನೇಕ ಮನೆಗಳು ಒಂದೇ ಸಂಖ್ಯೆಯ ಹಿಂದೆ ಕೂತಿರುತ್ತವೆ. ನಿಮ್ಮ ರೌಟರಿನಲ್ಲಿ ಕಾಣುವ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವೂ ಆ ಗುಂಪಿನವರೇ. ಅಲ್ಲಿ ಪಿಟಿಆರ್ ಕೇಳುವುದರಲ್ಲಿ ಅರ್ಥವಿಲ್ಲ, ಆ ಸಂಖ್ಯೆ ನಿಮ್ಮೊಬ್ಬರದಲ್ಲ. ಐಪಿವಿ6ರಲ್ಲಿ ಸಂಖ್ಯೆಗೆ ಬರವಿಲ್ಲ, ಆದರೆ ರಿವರ್ಸ್ ಅಧಿಕಾರಕ್ಕೆ ಅಲ್ಲೂ ಕಂಪನಿಯ ಮುಂದೆಯೇ ಕೈಯೊಡ್ಡಬೇಕು. ಹೀಗಿರುವವರು ಹೊರಗೆ ಹೋಗುವ ಮೇಲ್ ಅನ್ನು ಒಂದು ರಿಲೇ ಸರ್ವರ್ ಮೂಲಕ ಕಳಿಸಿ. ಬಂದ ಪತ್ರಗಳು ನಿಮ್ಮ ಯಂತ್ರದಲ್ಲೇ ಉಳಿಯುತ್ತವೆ, ಹೊರಗೆ ಹೋಗುವವು ಮಾತ್ರ ಹೆಸರುಳ್ಳ ಬಾಗಿಲಿನಿಂದ ಹೊರಡುತ್ತವೆ. ಎಸ್‌ಪಿಎಫ್‌ನಲ್ಲಿ ಆ ರಿಲೇಯ ಹೆಸರು ಸೇರಿಸಿ, ಡಿಕೆಐಎಂ ಸಹಿಯನ್ನು ಮನೆಯಲ್ಲೇ ಹಾಕಿ.

ಹೊಸ ಸಂಪರ್ಕ ಹಾಕಿಸುವ ಸಂಘ, ಶಾಲೆ, ಅಂಗಡಿಯವರಿಗೆ ನನ್ನದೊಂದು ಕೋರಿಕೆ. ಸ್ಪೀಡು ಎಷ್ಟು ಎಂದು ಕೇಳುತ್ತೀರಿ, ಅದರ ಜತೆಗೇ ಇನ್ನೊಂದು ಕೇಳಿ: ‘ಸ್ಟ್ಯಾಟಿಕ್ ಐಪಿ ಕೊಟ್ಟರೆ ನಾವು ಹೇಳಿದ ಹೆಸರಿಗೆ ಪಿಟಿಆರ್ ಬರೆದುಕೊಡುತ್ತೀರಾ?’ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಫೋನೆತ್ತುವ ಹುಡುಗಿಯ ಪರದೆಯಲ್ಲಿ ಅದಕ್ಕೊಂದು ಜಾಗ ಬಂದೀತು. ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಆಗುವುದಿಲ್ಲ ಎಂದರೆ ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟಬೇಡಿ. ಆ ದುಡ್ಡನ್ನು ರಿಲೇಗೆ ಹಾಕಿ.